ಮೊಬೈಲಿನಲ್ಲಿ ಬರುವ ಸುರಕ್ಷತಾ ಎಚ್ಚರಿಕೆ: ಹುಸಿ ಯಾವುದು, ನಿಜ ಯಾವುದು?

ಬೋರ್‌ವೆಲ್ಲಿನ ಪಂಪನ್ನು ಮನೆಯಲ್ಲಿ ಕುಳಿತೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರು ಈಗ ಬಯಲುಸೀಮೆಯ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಂಡುಬರುತ್ತದೆ. ಮೂರು ಫೇಸಿನ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಬ್ಯಾಟರಿ ಹಿಡಿದು, ಹಾವು ಹುಳುವಿಗೆ ಅಂಜುತ್ತಾ ತೋಟಕ್ಕೆ ನಡೆಯುವ ಕಷ್ಟವನ್ನು ಇದು ತಪ್ಪಿಸಿದೆ. ಸ್ಟಾರ್ಟರಿನ ಪೆಟ್ಟಿಗೆಯೊಳಗೆ ಒಂದು ಸಿಮ್ ಇರುತ್ತದೆ. ಆ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಅಥವಾ ಗೊತ್ತುಪಡಿಸಿದ ಎಸ್.ಎಂ.ಎಸ್. ಕಳಿಸಿದರೆ ಮೋಟಾರು ಚಾಲೂ ಆಗುತ್ತದೆ. ಮೂರೂ ಫೇಸಿನಲ್ಲಿ ವೋಲ್ಟೇಜು ಎಷ್ಟಿದೆ, ಮೋಟಾರು ಓಡುತ್ತಿದೆಯೇ ನಿಂತಿದೆಯೇ ಎಂಬ ಉತ್ತರವೂ ಎಸ್.ಎಂ.ಎಸ್. ಮೂಲಕವೇ ತಿರುಗಿ ಬರುತ್ತದೆ.

ಹಿರಿಯೂರು ಕಡೆಯ ಈರುಳ್ಳಿ ಬೆಳೆಗಾರರೊಬ್ಬರು ಇಂತಹ ಸ್ಟಾರ್ಟರನ್ನು ಹಾಕಿಸಿದರು. ಜೋಡಿಸಲು ಬಂದ ಮೆಕ್ಯಾನಿಕ್ಕು, "ದಿನಾ ಎಸ್.ಎಂ.ಎಸ್. ಬರೆಯೋದು ಯಾಕೆ ಯಜಮಾನ್ರೇ, ಒಂದು ಆ್ಯಪ್ ಹಾಕಿಕೊಡ್ತೀನಿ, ಗುಂಡಿ ಒತ್ತಿದರೆ ಸಾಕು" ಎಂದು ವಾಟ್ಸಾಪಿನಲ್ಲಿ ಒಂದು ಫೈಲನ್ನು ಕಳಿಸಿದನು. ಅದನ್ನು ತೆರೆದ ಕೂಡಲೇ ಫೋನು ತಡೆಯಿತು. ಈ ಆ್ಯಪ್ ಅಪಾಯಕಾರಿಯಾಗಿರಬಹುದು, ಇದು ನಿಮ್ಮ ಎಸ್.ಎಂ.ಎಸ್. ಓದಲು ಅನುಮತಿ ಕೇಳುತ್ತಿದೆ, ಆದ್ದರಿಂದ ನಿಲ್ಲಿಸಲಾಗಿದೆ ಎಂಬರ್ಥದ ಎಚ್ಚರಿಕೆ ಪರದೆಯ ಮೇಲೆ ಬಂದಿತು. "ಇದು ಸುಮ್ನೆ ಹೆದರಿಸ್ತದೆ, ಎಲ್ಲರ ಫೋನಿನಲ್ಲೂ ಹಿಂಗೇ ಬರೋದು" ಎಂದು ಮೆಕ್ಯಾನಿಕ್ಕು ಪ್ಲೇ ಸ್ಟೋರಿನೊಳಗೆ ಹೋಗಿ 'ಪ್ಲೇ ಪ್ರೊಟೆಕ್ಟ್' ಎಂಬ ಕಾವಲನ್ನೇ ಆರಿಸಿ ಆ್ಯಪನ್ನು ಹಾಕಿಕೊಟ್ಟನು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಆ ಆ್ಯಪ್‌ನಲ್ಲಿ ಯಾವ ಮೋಸವೂ ಇರಲಿಲ್ಲ. ಗುಂಡಿ ಒತ್ತಿದರೆ ಪಂಪು ಓಡುತ್ತಿತ್ತು, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತಿತ್ತು.

ಐದಾರು ವಾರಗಳಾದ ಮೇಲೆ ಊರಿನ ವಾಟ್ಸಾಪ್ ಗುಂಪಿನಲ್ಲಿ, ಪರಿಚಯದವರ ನಂಬರಿನಿಂದಲೇ, ಪಿ.ಎಂ. ಕಿಸಾನ್ ಹೆಸರಿನ ಇನ್ನೊಂದು ಫೈಲು ಬಂದಿತು. ಕಂತು ನಿಂತುಹೋಗದಿರಲು ಇದರಲ್ಲಿ ವಿವರ ತುಂಬಬೇಕೆಂದು ಜೊತೆಯಲ್ಲಿ ಬರೆದಿತ್ತು. ಬೆಳೆಗಾರರು ಅದನ್ನು ತೆರೆದರು. ಈ ಸಲ ಫೋನು ಏನನ್ನೂ ಹೇಳಲಿಲ್ಲ. ಆಧಾರ್ ಸಂಖ್ಯೆ, ಖಾತೆಯ ವಿವರ, ಕಡೆಗೆ ಯು.ಪಿ.ಐ. ಪಿನ್ ಎಲ್ಲವನ್ನೂ ಅವರು ತುಂಬಿದರು. ಎರಡು ಲೋಡು ಈರುಳ್ಳಿ ಮಾರಿ ಬಂದಿದ್ದ ಹಣ ಎರಡು ರಾತ್ರಿಗಳಲ್ಲಿ ಖಾತೆಯಿಂದ ಹೋಯಿತು. ಬ್ಯಾಂಕಿನಿಂದ ಬಂದ ಎಸ್.ಎಂ.ಎಸ್.ಗಳು ಕೂಡ ಅವರ ಕಣ್ಣಿಗೆ ಬೀಳಲಿಲ್ಲ. ಬಂದಂತೆಲ್ಲ ಆ ಆ್ಯಪ್ ಅವನ್ನು ಓದಿ ಬೇರೆಡೆಗೆ ಕಳಿಸಿ ಅಳಿಸಿಹಾಕುತ್ತಿತ್ತು.

ಇದನ್ನು ವಿವರವಾಗಿ ತಿಳಿಸಲು ಕಾರಣವಿದೆ. ಮೊದಲನೆಯ ಎಚ್ಚರಿಕೆ ಹುಸಿ ಎಂಬುದು ಸರಿಯಾದ ತೀರ್ಮಾನವೇ ಆಗಿತ್ತು. ಆ ಹುಸಿಗೆ ಮಾಡಿದ ಚಿಕಿತ್ಸೆ ಮಾತ್ರ ತಪ್ಪಾಯಿತು. ಒಂದು ಆ್ಯಪ್‌ಗೆ ಕೊಡಬೇಕಾಗಿದ್ದ ವಿನಾಯಿತಿಯನ್ನು ಮುಂದೆ ಬರುವ ಎಲ್ಲದಕ್ಕೂ ಕೊಟ್ಟಂತಾಯಿತು. ಮೆಕ್ಯಾನಿಕ್ಕನ್ನು ಮಾತ್ರ ದೂರಿ ಫಲವಿಲ್ಲ. ರೈತರು ಫೋನನ್ನು ಮುಂದೆ ಹಿಡಿದಾಗ ವಿಸ್ತರಣಾ ಕಾರ್ಯಕರ್ತರಾದ ನಾವೂ ಅವಸರದಲ್ಲಿ "ಅದೇನಿಲ್ಲ, ಓಕೆ ಒತ್ತಿ" ಎಂದು ಹೇಳಿ ಕಳಿಸಿರುವುದುಂಟು.

ಬೆಳೆಯ ಎಲೆ ಹಳದಿಯಾದಾಗ ಏನು ಮಾಡುತ್ತೇವೆ? ಸಾರಜನಕದ ಕೊರತೆಯೋ, ಕಬ್ಬಿಣದ ಕೊರತೆಯೋ, ಬೇರಿಗೆ ನೀರು ನಿಂತಿದೆಯೋ, ನಂಜಾಣು ರೋಗವೋ ಎಂದು ನೋಡಿ ಅನಂತರ ಕ್ರಮ ಕೈಗೊಳ್ಳುತ್ತೇವೆ. ಹಳದಿ ಕಂಡ ಕೂಡಲೇ ಔಷಧ ಸಿಂಪಡಿಸುವವರೂ ಇದ್ದಾರೆ, ಹಳದಿ ಎಲೆ ಸಾಮಾನ್ಯವೆಂದು ಸುಮ್ಮನಿರುವವರೂ ಇದ್ದಾರೆ. ಫೋನಿನ ಎಚ್ಚರಿಕೆಯ ವಿಷಯದಲ್ಲಿಯೂ ಈ ಎರಡೂ ಬಗೆಯ ನಷ್ಟ ಕಂಡುಬರುತ್ತಿದೆ.

ಎಚ್ಚರಿಕೆ ಎಲ್ಲಿಂದ ಬಂದಿದೆ?

ಮೊದಲು ಪತ್ತೆ ಹಚ್ಚಬೇಕಾದುದು ಇದನ್ನು. ಪರದೆಯ ಮೇಲೆ ಬಂದದ್ದೆಲ್ಲವೂ ಫೋನಿನ ಮಾತಲ್ಲ. ಸಾಮಾನ್ಯವಾಗಿ ಮೂರು ಮೂಲಗಳಿರುತ್ತವೆ: ಫೋನಿನ ಸ್ವಂತ ಕಾವಲು, ತಯಾರಕರು ತುಂಬಿಕೊಟ್ಟ ಅಥವಾ ನಾವೇ ಹಾಕಿಕೊಂಡ ವೈರಸ್ ತಪಾಸಣೆಯ ಆ್ಯಪ್, ಮತ್ತು ಬ್ರೌಸರಿನಲ್ಲಿ ತೆರೆದಿರುವ ಯಾವುದೋ ಜಾಲತಾಣ.

ಇದನ್ನು ತಿಳಿಯಲು ಎರಡು ಸುಲಭ ಪರೀಕ್ಷೆಗಳಿವೆ. ಪರದೆಯ ಮೇಲ್ಭಾಗದಿಂದ ಎಳೆದಾಗ ಕಾಣುವ ಸೂಚನೆಗಳ ಪಟ್ಟಿಯಲ್ಲಿ ಎಚ್ಚರಿಕೆ ಬಂದಿದ್ದರೆ ಅದನ್ನು ತೆರೆಯದೆ ಅದರ ಮೇಲೆ ಬೆರಳನ್ನು ಒತ್ತಿ ಹಿಡಿಯಬೇಕು. ಕಳಿಸಿದ ಆ್ಯಪ್‌ನ ಹೆಸರು ಕಾಣುತ್ತದೆ. ಅಲ್ಲಿ 'ಕ್ರೋಮ್' ಅಥವಾ ಬೇರೆ ಬ್ರೌಸರಿನ ಹೆಸರು, ಜೊತೆಗೆ ಯಾವುದೋ ಜಾಲತಾಣದ ವಿಳಾಸ ಇದ್ದರೆ ಅದು ಹೊರಗಿನವರ ಮಾತು. ಎಚ್ಚರಿಕೆ ಇಡೀ ಪರದೆಯನ್ನು ಆವರಿಸಿದ್ದರೆ ಹೋಮ್ ಗುಂಡಿಯನ್ನು ಒತ್ತಿ ಹೊರಗೆ ಬಂದು, ಈಚೆಗೆ ತೆರೆದ ಆ್ಯಪ್‌ಗಳ ಸಾಲನ್ನು ನೋಡಬೇಕು. ಆ ಚಿತ್ರ ಬ್ರೌಸರಿನ ಕಿಟಕಿಯೊಳಗೆ ಸಿಕ್ಕಿದರೆ ಅದು ಜಾಲತಾಣದ ಪುಟವೇ ಹೊರತು ಫೋನಿನ ತಪಾಸಣೆಯಲ್ಲ.

ಬೇಕೆಂದೇ ಕಳಿಸಿದ ಹುಸಿ ಎಚ್ಚರಿಕೆ

"ನಿಮ್ಮ ಫೋನಿಗೆ ವೈರಸ್ ತಗುಲಿದೆ, ಎರಡು ನಿಮಿಷದೊಳಗೆ ಸ್ವಚ್ಛ ಮಾಡದಿದ್ದರೆ ಸಿಮ್ ಹಾಳಾಗುತ್ತದೆ" ಎಂಬ ಬರಹ, ಕೆಳಗೆ ಇಳಿಯುತ್ತಿರುವ ಗಡಿಯಾರ, ಜೊತೆಗೆ ಫೋನು ನಡುಗುವುದು ಇವೆಲ್ಲ ಮೂರನೆಯ ಮೂಲದ ಲಕ್ಷಣಗಳು. ಜಾಲತಾಣದ ಪುಟವೊಂದಕ್ಕೆ ನಿಮ್ಮ ಫೋನಿನೊಳಗಿನ ಆ್ಯಪ್‌ಗಳನ್ನು ತಪಾಸಣೆ ಮಾಡಲು ಬರುವುದಿಲ್ಲ. ಕೆಲವೊಮ್ಮೆ ಫೋನಿನ ಮಾದರಿಯ ಹೆಸರನ್ನು ಸರಿಯಾಗಿ ಬರೆದಿರುತ್ತಾರೆ. ಬ್ರೌಸರು ಯಾವುದೇ ತಾಣವನ್ನು ತೆರೆಯುವಾಗ ಅಂತಹ ವಿವರವನ್ನು ತಾನಾಗಿ ಕೊಡುವುದುಂಟು, ಅದರಲ್ಲಿ ಆಶ್ಚರ್ಯಪಡಬೇಕಾದುದಿಲ್ಲ. ಐಫೋನ್ ಇರುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಇಂತಹವು ಎಲ್ಲಿಂದ ಅಂಟಿಕೊಳ್ಳುತ್ತವೆ? ಉಚಿತ ಸಿನಿಮಾ, ಕ್ರಿಕೆಟ್ ಆಟ ತೋರಿಸುವ ತಾಣಗಳಲ್ಲಿ, ಕೆಲವು ಸಲ ಜಾಹೀರಾತು ತುಂಬಿರುವ ಮಾರುಕಟ್ಟೆ ಧಾರಣೆಯ ತಾಣಗಳಲ್ಲಿಯೂ 'ಅನುಮತಿಸಿ' ಎಂಬ ಚಿಕ್ಕ ಪೆಟ್ಟಿಗೆ ಬರುತ್ತದೆ. ಅದನ್ನು ಒಮ್ಮೆ ಒತ್ತಿದರೆ ಆ ತಾಣವನ್ನು ಮುಚ್ಚಿದ ಮೇಲೂ ಅದರಿಂದ ಸೂಚನೆಗಳು ಬರುತ್ತಲೇ ಇರುತ್ತವೆ. ಫೋನನ್ನು ಅಂಗಡಿಗೆ ಒಯ್ದು ಹಣ ಕೊಡುವ ಅಗತ್ಯವಿಲ್ಲ. ಕ್ರೋಮ್ ತೆರೆದು ಮೇಲಿನ ಮೂರು ಚುಕ್ಕಿಗಳನ್ನು ಒತ್ತಿ, ಸೆಟ್ಟಿಂಗ್ಸ್, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ಎಂಬಲ್ಲಿಗೆ ಹೋದರೆ ಅನುಮತಿ ಪಡೆದ ತಾಣಗಳ ಪಟ್ಟಿ ಇರುತ್ತದೆ. ಗುರುತಿಲ್ಲದ ಹೆಸರುಗಳನ್ನು ತೆಗೆದುಹಾಕಿದರೆ ಕಾಟ ನಿಲ್ಲುತ್ತದೆ.

ಈ ಹುಸಿ ಎಚ್ಚರಿಕೆಯಿಂದ ತೊಂದರೆಯಾಗುವುದು ಅದರ ಗುಂಡಿಯನ್ನು ಒತ್ತಿದಾಗ. ಅದು ಒಂದು 'ಸ್ವಚ್ಛ ಮಾಡುವ' ಆ್ಯಪನ್ನು ಹಾಕಿಸುತ್ತದೆ, ಇಲ್ಲವೇ ಒಂದು ನಂಬರಿಗೆ ಕರೆ ಮಾಡಿಸುತ್ತದೆ. ಕರೆ ಮಾಡಿದರೆ ಆ ಕಡೆಯವರು ಪರದೆ ಹಂಚುವ ಆ್ಯಪನ್ನು ಹಾಕಲು ಹೇಳಿ ನಿಮ್ಮ ಪರದೆಯನ್ನು ತಮ್ಮಲ್ಲಿ ಕಾಣುವಂತೆ ಮಾಡಿಕೊಳ್ಳುತ್ತಾರೆ. ಫೋನಿನ ಸ್ವಂತ ಕಾವಲು ಎಂದೂ ಕರೆ ಮಾಡಲು ನಂಬರು ಕೊಡುವುದಿಲ್ಲ, ಹಣ ಕೇಳುವುದಿಲ್ಲ, ನಿಮಿಷಗಳನ್ನು ಎಣಿಸುವುದೂ ಇಲ್ಲ.

ಫೋನಿನ ಸ್ವಂತ ಕಾವಲು ಏಕೆ ತಪ್ಪುತ್ತದೆ?

ಆಂಡ್ರಾಯ್ಡ್ ಫೋನುಗಳಲ್ಲಿ 2017ರಿಂದ ಇರುವ ಪ್ಲೇ ಪ್ರೊಟೆಕ್ಟ್, ಪ್ಲೇ ಸ್ಟೋರಿನಿಂದ ಬಂದ ಆ್ಯಪ್‌ಗಳನ್ನೂ ಹೊರಗಿನಿಂದ ಬಂದವನ್ನೂ ಪರಿಶೀಲಿಸುತ್ತದೆ. ಇಂತಹ ಕಾವಲು ತಂತ್ರಾಂಶಗಳು ಎರಡು ವಿಧದಲ್ಲಿ ಕೆಲಸ ಮಾಡುತ್ತವೆ. ಒಂದು, ಹಿಂದೆ ಸಿಕ್ಕಿಬಿದ್ದ ಕೆಟ್ಟ ಆ್ಯಪ್‌ಗಳ ಗುರುತುಗಳ ಪಟ್ಟಿಯೊಡನೆ ಹೋಲಿಸಿ ನೋಡುವುದು. ಇನ್ನೊಂದು, ಗುರುತು ಸಿಗದಿದ್ದರೂ ನಡತೆಯನ್ನು ನೋಡಿ ಅನುಮಾನಿಸುವುದು. ಎರಡನೆಯದರಲ್ಲಿ ತಪ್ಪು ಹೆಚ್ಚು. ಆದರೆ ನಿನ್ನೆ ಹುಟ್ಟಿದ ಮೋಸದ ಆ್ಯಪನ್ನು ಹಿಡಿಯಲು ಇರುವ ದಾರಿಯೂ ಅದೇ.

ಮೊದಲಿನ ವಿಧವೂ ತಪ್ಪುವುದುಂಟು. 2023ರ ಅಕ್ಟೋಬರ್ ಕೊನೆಯಲ್ಲಿ ಕೆಲವು ಹುವಾವೇ, ಹಾನರ್ ಮತ್ತು ವಿವೋ ಫೋನುಗಳಲ್ಲಿ ಗೂಗಲ್ ಕಂಪನಿಯ ಸ್ವಂತ ಆ್ಯಪನ್ನೇ 'ಟ್ರೋಜನ್' ಎಂದು ಕರೆದು, ಅದು ಗುಟ್ಟಾಗಿ ಎಸ್.ಎಂ.ಎಸ್. ಕಳಿಸುತ್ತದೆ, ತೆಗೆದುಹಾಕಿ ಎಂಬ ಎಚ್ಚರಿಕೆ ಬಂದಿತು. ಅದು ಪ್ಲೇ ಪ್ರೊಟೆಕ್ಟ್ ಕೊಟ್ಟ ಎಚ್ಚರಿಕೆಯಾಗಿರಲಿಲ್ಲವೆಂದು ಗೂಗಲ್ ತಿಳಿಸಿತು. ಕೆಲವೇ ದಿನಗಳಲ್ಲಿ, ತಪಾಸಣೆಯ ತಂತ್ರಾಂಶವನ್ನು ಒದಗಿಸಿದ್ದ ಅವಾಸ್ಟ್ ಕಂಪನಿ ತನ್ನಿಂದ ತಪ್ಪಾಗಿದೆಯೆಂದು ಒಪ್ಪಿ ಸರಿಪಡಿಸಿತು. ಎರಡು ದಿನ ಕಾದವರ ಫೋನಿಗೆ ಏನೂ ಆಗಲಿಲ್ಲ.

ಈಗ ಸ್ಟಾರ್ಟರಿನ ಆ್ಯಪ್‌ಗೆ ಬರೋಣ. ಅದು ಪ್ಲೇ ಸ್ಟೋರಿನ ಹೊರಗಿನಿಂದ ಬಂದಿತು, ಮತ್ತು ಎಸ್.ಎಂ.ಎಸ್. ಓದುವ ಅನುಮತಿಯನ್ನು ಕೇಳಿತು. ಸ್ಟಾರ್ಟರಿನಿಂದ ಬರುವ ವೋಲ್ಟೇಜಿನ ಉತ್ತರವನ್ನು ಓದಲು ಅದಕ್ಕೆ ಆ ಅನುಮತಿ ನಿಜವಾಗಿ ಬೇಕು. ಆದರೆ ಬ್ಯಾಂಕಿನ ಒ.ಟಿ.ಪಿ. ಕದಿಯುವ ಆ್ಯಪ್ ಕೂಡ ಇದೇ ದಾರಿಯಲ್ಲಿ ಬಂದು ಇದೇ ಅನುಮತಿಯನ್ನು ಕೇಳುತ್ತದೆ. ಬೀಜದ ಹಂತದಲ್ಲಿ ಬೆಳೆಗೂ ಕಳೆಗೂ ವ್ಯತ್ಯಾಸ ಕಾಣದ ಹಾಗೆ ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆದ್ದರಿಂದಲೇ ಎಸ್.ಎಂ.ಎಸ್. ಪಡೆಯುವ ಹಾಗೂ ಓದುವ, ಸೂಚನೆಗಳನ್ನು ಓದುವ ಮತ್ತು 'ಆಕ್ಸೆಸಿಬಿಲಿಟಿ' ಎಂಬ ಅನುಮತಿಗಳನ್ನು ಕೇಳುವ ಆ್ಯಪ್‌ಗಳು ಬ್ರೌಸರು ಅಥವಾ ಸಂದೇಶಗಳ ಮೂಲಕ ಬಂದರೆ ಪೂರ್ತಿಯಾಗಿ ತಡೆಯುವ ಕ್ರಮವನ್ನು ಗೂಗಲ್ 2024ರ ಫೆಬ್ರುವರಿಯಲ್ಲಿ ಸಿಂಗಪುರದಲ್ಲಿ ಪ್ರಯೋಗಕ್ಕೆ ತಂದಿತು. ಆನಂತರ ಭಾರತಕ್ಕೂ ವಿಸ್ತರಿಸಿತು. ಆಕ್ಸೆಸಿಬಿಲಿಟಿ ಎಂಬುದು ದೃಷ್ಟಿದೋಷ ಮೊದಲಾದ ತೊಂದರೆಯಿರುವವರ ಅನುಕೂಲಕ್ಕೆಂದು ಮಾಡಿದ ವ್ಯವಸ್ಥೆ. ಅದನ್ನು ಪಡೆದ ಆ್ಯಪ್ ಪರದೆಯಲ್ಲಿರುವುದನ್ನು ಓದಬಲ್ಲದು, ನಿಮ್ಮ ಬದಲಿಗೆ ಗುಂಡಿಯನ್ನೂ ಒತ್ತಬಲ್ಲದು.

ಹುಸಿಯೋ ನಿಜವೋ ಎಂದು ನಿರ್ಧರಿಸುವ ಕ್ರಮ

ಎಚ್ಚರಿಕೆಯೊಳಗಿನ ಗುಂಡಿಯನ್ನಾಗಲಿ ಕೊಂಡಿಯನ್ನಾಗಲಿ ಒತ್ತದೆ, ಬೇರೆ ದಾರಿಯಿಂದ ಹೋಗಿ ಪರೀಕ್ಷಿಸುವುದು ಇಲ್ಲಿ ಮುಖ್ಯ. ಪ್ಲೇ ಸ್ಟೋರನ್ನು ನೀವೇ ತೆರೆದು, ಬಲಗಡೆ ಮೇಲಿರುವ ನಿಮ್ಮ ಹೆಸರಿನ ವೃತ್ತವನ್ನು ಒತ್ತಿ, ಪ್ಲೇ ಪ್ರೊಟೆಕ್ಟ್‌ಗೆ ಹೋಗಿ 'ಸ್ಕ್ಯಾನ್' ಒತ್ತಬೇಕು. ನಿಜವಾದ ದೂರು ಇದ್ದರೆ ಅಲ್ಲಿಯೂ ಆ ಆ್ಯಪ್‌ನ ಹೆಸರು ಕಾಣುತ್ತದೆ. ಅಲ್ಲಿ ಏನೂ ಕಾಣದೆ ಬೇರೊಂದು ತಪಾಸಣೆಯ ಆ್ಯಪ್ ಮಾತ್ರ ದೂರುತ್ತಿದ್ದರೆ ಒಂದೆರಡು ದಿನ ಆ ಆ್ಯಪನ್ನು ತೆರೆಯದೆ ಬಿಟ್ಟು, ಎರಡನ್ನೂ ಹೊಸ ಆವೃತ್ತಿಗೆ ತಂದು ಮತ್ತೆ ನೋಡಬಹುದು.

ಆಮೇಲೆ ಮೂಲವನ್ನು ವಿಚಾರಿಸಬೇಕು. ಆ್ಯಪ್ ಪ್ಲೇ ಸ್ಟೋರಿನದೋ, ಯಾರೋ ಕಳಿಸಿದ ಎ.ಪಿ.ಕೆ. ಫೈಲೋ? ಸ್ಟಾರ್ಟರಿನ ಡಬ್ಬಿಯ ಮೇಲೆ ಅಥವಾ ಕೈಪಿಡಿಯಲ್ಲಿ ಆ ಆ್ಯಪ್‌ನ ಹೆಸರು ಇದೆಯೇ? ಅದೇ ಹೆಸರಿನದು ಪ್ಲೇ ಸ್ಟೋರಿನಲ್ಲಿ ಸಿಗುವುದಾದರೆ ಅಲ್ಲಿಂದಲೇ ಹಾಕಿಕೊಳ್ಳಬೇಕು, ಫೈಲನ್ನು ಬಿಡಬೇಕು. ಪರಿಚಿತರ ನಂಬರಿನಿಂದ ಬಂದಿದೆ ಎಂಬುದು ಸಾಕ್ಷಿಯಾಗುವುದಿಲ್ಲ. ಒಬ್ಬರ ಫೋನು ಕೆಟ್ಟವರ ಕೈಗೆ ಸಿಕ್ಕಿದರೆ ಅವರ ವಾಟ್ಸಾಪಿನಿಂದಲೇ ಎಲ್ಲ ಗುಂಪುಗಳಿಗೂ ಫೈಲು ಹೋಗುತ್ತದೆ. ಪಿ.ಎಂ. ಕಿಸಾನ್, ವಾಹನದ ದಂಡದ ಚೀಟಿ, ಮದುವೆಯ ಆಮಂತ್ರಣ ಈ ಮೂರೂ ವೇಷಗಳಲ್ಲಿ ಎ.ಪಿ.ಕೆ. ಫೈಲುಗಳು ಹರಡಿವೆ. ಆಮಂತ್ರಣ ಪತ್ರಿಕೆ ಎಂದರೆ ಒಂದು ಚಿತ್ರ ಅಥವಾ ಪಿ.ಡಿ.ಎಫ್.; ಅದನ್ನು ನೋಡಲು ಯಾವ ಆ್ಯಪನ್ನೂ ಹೊಸದಾಗಿ ಹಾಕಬೇಕಾಗಿಲ್ಲ. ಪಿ.ಎಂ. ಕಿಸಾನ್ ಕಂತಿಗೆ ಯು.ಪಿ.ಐ. ಪಿನ್ ಬೇಕಾಗುವುದಿಲ್ಲ. ಆ ಪಿನ್ ಇರುವುದು ಖಾತೆಯಿಂದ ಹಣ ಕಳಿಸಲು, ಪಡೆಯಲು ಅಲ್ಲ.

ಮೂರನೆಯದಾಗಿ, ಕೇಳುವ ಅನುಮತಿ ಅದು ಮಾಡುವ ಕೆಲಸಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ಬೆಳೆ ಸಮೀಕ್ಷೆಯ ಆ್ಯಪ್ ಕ್ಯಾಮೆರಾವನ್ನೂ ಸ್ಥಳವನ್ನೂ ಕೇಳಿದರೆ ಅದು ಸಹಜ. ಹೊಲದಲ್ಲಿ ನಿಂತು ಫೋಟೋ ತೆಗೆಯಬೇಕಲ್ಲ. ಹವಾಮಾನ ತಿಳಿಸುವ ಆ್ಯಪ್ ಎಸ್.ಎಂ.ಎಸ್. ಓದಲು ಕೇಳಿದರೆ ಅದು ಸಹಜವಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅಲ್ಲಿ ಆ ಆ್ಯಪ್‌ನ ಹೆಸರು, ಅದರೊಳಗೆ ಪರ್ಮಿಶನ್ಸ್ ಎಂಬಲ್ಲಿ ಕೊಟ್ಟ ಅನುಮತಿಗಳನ್ನು ಯಾವಾಗ ಬೇಕಾದರೂ ನೋಡಿ ಹಿಂದಕ್ಕೆ ಪಡೆಯಬಹುದು.

ಈ ಆ್ಯಪ್ ಹಳೆಯ ಆಂಡ್ರಾಯ್ಡ್‌ಗಾಗಿ ತಯಾರಾದದ್ದು ಎಂಬ ಸೂಚನೆ ಬಂದರೆ ಅದರಿಂದಲೇ ಆ್ಯಪ್ ಕೆಟ್ಟದ್ದೆಂದು ತಿಳಿಯಬೇಕಾಗಿಲ್ಲ. ತಯಾರಿಸಿದವರು ಅದನ್ನು ಬಹುಕಾಲದಿಂದ ನವೀಕರಿಸಿಲ್ಲ ಎಂದಷ್ಟೇ ಅರ್ಥ.

ಇಷ್ಟೆಲ್ಲ ನೋಡಿ ಆ್ಯಪ್ ಒಳ್ಳೆಯದೆಂದೇ ಖಚಿತವಾದರೆ ಏನು ಮಾಡಬೇಕು? ಎಚ್ಚರಿಕೆಯ ಪೆಟ್ಟಿಗೆಯಲ್ಲಿ 'ಹೆಚ್ಚಿನ ವಿವರ' ಎಂಬುದರ ಕೆಳಗೆ 'ಆದರೂ ಇನ್‌ಸ್ಟಾಲ್ ಮಾಡಿ' ಎಂಬ ಆಯ್ಕೆ ಇದ್ದರೆ ಆ ಒಂದು ಆ್ಯಪ್‌ಗೆ ಮಾತ್ರ ಅನುಮತಿ ಕೊಟ್ಟಂತಾಗುತ್ತದೆ. ಪ್ಲೇ ಪ್ರೊಟೆಕ್ಟನ್ನು ಆರಿಸಬಾರದು. ಆಯ್ಕೆಯೇ ಇಲ್ಲದೆ ಪೂರ್ತಿ ತಡೆದಿದ್ದರೆ ಆ ಆ್ಯಪನ್ನು ಬ್ಯಾಂಕಿನ ನಂಬರಿರುವ ಫೋನಿಗೆ ಹಾಕುವುದನ್ನು ಕೈಬಿಡುವುದೇ ಲೇಸು. ಸ್ಟಾರ್ಟರಿನ ಮಟ್ಟಿಗೆ ಹೇಳುವುದಾದರೆ ಮಿಸ್ಡ್ ಕಾಲಿನಿಂದ ಆಗುವ ಕೆಲಸಕ್ಕೆ ಆ್ಯಪ್ ಬೇಕಾಗಿಯೇ ಇಲ್ಲ. ಬೇಕೇ ಬೇಕು ಎನ್ನುವವರು ಮನೆಯಲ್ಲಿ ಬಿದ್ದಿರುವ ಹಳೆಯ ಫೋನಿಗೆ ಬೇರೊಂದು ಸಿಮ್ ಹಾಕಿ, ಆ ನಂಬರನ್ನು ಸ್ಟಾರ್ಟರಿನಲ್ಲಿ ನೋಂದಾಯಿಸಿ, ಆ್ಯಪನ್ನು ಅದರಲ್ಲಿಟ್ಟುಕೊಳ್ಳಬಹುದು. ಆ ಫೋನಿನಲ್ಲಿ ಬ್ಯಾಂಕಿನದು ಯಾವುದೂ ಇರಬಾರದು. ಕಳೆನಾಶಕಕ್ಕೆ ಬಳಸಿದ ಸಿಂಪರಣಾ ಯಂತ್ರವನ್ನು ಬೆಳೆಯ ಔಷಧಕ್ಕೆ ಬಳಸಬೇಡಿರೆಂದು ಹೇಳುತ್ತೇವಲ್ಲ, ಹಾಗೆಯೇ ಇದು.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ವಾಟ್ಸಾಪಿನಿಂದ ಒಮ್ಮೆ ಆ್ಯಪ್ ಹಾಕಲು ಕೊಟ್ಟ ಅನುಮತಿ ಹಾಗೆಯೇ ಉಳಿದುಕೊಂಡಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಸ್ಪೆಷಲ್ ಆ್ಯಪ್ ಆಕ್ಸೆಸ್, ಅದರೊಳಗೆ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಎಂಬಲ್ಲಿ ವಾಟ್ಸಾಪ್, ಕ್ರೋಮ್ ಎಲ್ಲದರ ಮುಂದೆಯೂ ಅನುಮತಿ ಇಲ್ಲ ಎಂದು ಇರಬೇಕು. ಫೋನಿನ ತಯಾರಕರಿಗೆ ತಕ್ಕಂತೆ ಈ ಹೆಸರುಗಳು ಸ್ವಲ್ಪ ಬದಲಾಗುತ್ತವೆ. ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕುವ ಜಾಗದಲ್ಲಿ 'ಅನ್‌ನೋನ್' ಎಂದು ಬರೆದರೂ ಸಿಗುತ್ತದೆ.

ತಾರೀಖು ತಪ್ಪಿದ ಫೋನು

ಬ್ಯಾಂಕಿನ ಅಥವಾ ಸರ್ಕಾರದ ತಾಣವನ್ನು ತೆರೆದಾಗ "ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ" ಎಂಬ ಕೆಂಪು ಗುರುತಿನ ಎಚ್ಚರಿಕೆ ಬರುವುದು ಇನ್ನೊಂದು ಬಗೆ. ಇದಕ್ಕೆ ಕಾರಣ ಅನೇಕ ಸಲ ಫೋನಿನ ಕ್ಯಾಲೆಂಡರಿನಲ್ಲಿರುತ್ತದೆ.

ಪ್ರಮಾಣಿತ ಬಿತ್ತನೆ ಬೀಜದ ಚೀಲಕ್ಕೆ ಹೊಲಿದಿರುವ ನೀಲಿ ಚೀಟಿಯಲ್ಲಿ ಪರೀಕ್ಷೆ ಮಾಡಿದ ದಿನಾಂಕ, ಎಲ್ಲಿಯವರೆಗೆ ಬಳಸಬಹುದು ಎಂಬ ದಿನಾಂಕ ಎರಡೂ ಇರುತ್ತವೆ. ಜಾಲತಾಣಗಳಿಗೂ ಅಂತಹ ಒಂದು ಪ್ರಮಾಣಪತ್ರವಿರುತ್ತದೆ, ಅದಕ್ಕೂ ಆರಂಭದ ಮತ್ತು ಕೊನೆಯ ದಿನಾಂಕಗಳಿರುತ್ತವೆ. ಬ್ರೌಸರು ಇವನ್ನು ಫೋನಿನ ತಾರೀಖಿನೊಡನೆ ಹೋಲಿಸುತ್ತದೆ. ಗೋಡೆಯ ಕ್ಯಾಲೆಂಡರೇ ತಪ್ಪಾಗಿದ್ದರೆ ಒಳ್ಳೆಯ ಬೀಜವೂ ಅವಧಿ ಮೀರಿದಂತೆ ಕಾಣುವುದಿಲ್ಲವೇ? ಬ್ಯಾಟರಿ ಪೂರ್ತಿ ಇಳಿದು ಕೆಲವು ದಿನ ಬಿದ್ದಿದ್ದ ಫೋನು ಚಾಲೂ ಆದಾಗ ಅದರ ತಾರೀಖು ಹಿಂದಕ್ಕೆ ಹೋಗಿರುವುದುಂಟು. ಕೆಲವು ಫೋನುಗಳು 1970ರ ಜನವರಿ 1ಕ್ಕೇ ಹೋಗಿ ನಿಲ್ಲುತ್ತವೆ. ಆಂಡ್ರಾಯ್ಡ್ ಮೊದಲಾದ ವ್ಯವಸ್ಥೆಗಳು ಕಾಲವನ್ನು ಎಣಿಸುವುದು ಆ ದಿನದಿಂದ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯವನ್ನು 'ಆಟೊಮ್ಯಾಟಿಕ್' ಮಾಡಿದರೆ ಎಚ್ಚರಿಕೆ ಹೋಗುತ್ತದೆ.

ತಾರೀಖು ಸರಿಯಿದ್ದೂ ಎಚ್ಚರಿಕೆ ಬಂದರೆ ಫೋನು ತೀರ ಹಳೆಯದಾಗಿರಬಹುದು. ಜಗತ್ತಿನ ಅಸಂಖ್ಯಾತ ಜಾಲತಾಣಗಳಿಗೆ ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಮೂಲ ಸಹಿಯನ್ನು 7.1.1ಕ್ಕಿಂತ ಹಿಂದಿನ ಆಂಡ್ರಾಯ್ಡ್ ಗುರುತಿಸುವುದಿಲ್ಲ. ಹಳೆಯ ಫೋನುಗಳಿಗಾಗಿ ಮಾಡಿದ್ದ ತಾತ್ಕಾಲಿಕ ವ್ಯವಸ್ಥೆಯ ಅವಧಿ 2024ರ ಸೆಪ್ಟೆಂಬರಿನಲ್ಲಿ ಮುಗಿಯಿತು. ತಾಣದವರೇ ಪ್ರಮಾಣಪತ್ರವನ್ನು ಸಕಾಲದಲ್ಲಿ ನವೀಕರಿಸದೆ ಬಿಟ್ಟರೂ ಇದೇ ಎಚ್ಚರಿಕೆ ಬರುತ್ತದೆ. ಇವೆಲ್ಲ ಹುಸಿಯೇ ಆದರೂ 'ಮುಂದುವರಿಯಿರಿ' ಎಂಬುದನ್ನು ಒತ್ತಿ ಬ್ಯಾಂಕಿನ ವಿವರವನ್ನು ತುಂಬಬಾರದು. ನಕಲಿ ತಾಣಕ್ಕೂ ಇದೇ ಎಚ್ಚರಿಕೆ ಬರುವುದರಿಂದ, ಇನ್ನೊಂದು ಫೋನಿನಲ್ಲಿ ಅದೇ ವಿಳಾಸವನ್ನು ತೆರೆದು ನೋಡುವುದು ಕ್ಷೇಮ.

ಖಾತೆಗೆ ಯಾರೋ ಪ್ರವೇಶಿಸಿದ್ದಾರೆ ಎಂಬ ಎಚ್ಚರಿಕೆ

ಗೂಗಲ್ ಖಾತೆಗೆ ಹೊಸ ಸಾಧನದಿಂದ ಪ್ರವೇಶವಾಗಿದೆ ಎಂಬ ಸೂಚನೆ ಬಂದಾಗ ಮೊದಲು ಮನೆಯವರನ್ನು ಕೇಳಬೇಕು. ಮಗ ಹೊಸ ಫೋನು ತೆಗೆದುಕೊಂಡಾಗ, ಅರ್ಜಿ ಹಾಕಲು ಹೋದ ಸೇವಾ ಕೇಂದ್ರದ ಕಂಪ್ಯೂಟರಿನಲ್ಲಿ ನಿಮ್ಮ ಇ-ಮೇಲ್ ತೆರೆದಾಗ ಇದು ಬರುವುದು ಸಹಜ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರಲ್ಲಿ ನಿಮ್ಮ ಖಾತೆ, ಸೆಕ್ಯುರಿಟಿ ಎಂಬಲ್ಲಿಗೆ ಹೋದರೆ ಯಾವ ಸಾಧನದಿಂದ, ಯಾವ ದಿನ ಪ್ರವೇಶವಾಯಿತೆಂದು ತಿಳಿಯುತ್ತದೆ. ಸೇವಾ ಕೇಂದ್ರದ ಕಂಪ್ಯೂಟರು ಪಟ್ಟಿಯಲ್ಲಿ ಹಾಗೆಯೇ ಉಳಿದಿದ್ದರೆ ಅದನ್ನು 'ಸೈನ್ ಔಟ್' ಮಾಡಬೇಕು. ನಿಮಗೆ ಸಂಬಂಧವಿಲ್ಲದ ಸಾಧನ ಕಂಡರೆ ಪಾಸ್‌ವರ್ಡನ್ನು ಅಲ್ಲಿಯೇ ಬದಲಾಯಿಸಬೇಕು.

2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳು ಒಂದೇ ಹೊತ್ತಿಗೆ ಜೋರಾಗಿ ಕೂಗಿ ನಡುಗಿದ್ದನ್ನು ಓದುಗರು ಮರೆತಿರಲಾರರು. ಅದು ಪ್ರಕೃತಿ ವಿಕೋಪದ ಮುನ್ನೆಚ್ಚರಿಕೆ ವ್ಯವಸ್ಥೆಯ ಪರೀಕ್ಷೆಯಾಗಿತ್ತು. ಅಂತಹ ಸಂದೇಶಕ್ಕೆ ಏನನ್ನೂ ಒತ್ತಿ ಉತ್ತರಿಸಬೇಕಾಗಿರುವುದಿಲ್ಲ, ಓದಿದರೆ ಸಾಕು.

ಎಚ್ಚರಿಕೆ ನಿಜವೆಂದು ಕಂಡಾಗ ಕೈಗೊಳ್ಳಬೇಕಾದ ಕ್ರಮಗಳು

ಗೊತ್ತಿಲ್ಲದ ಆ್ಯಪ್ ಒಳಗೆ ಬಂದಿದೆ, ವಿವರಗಳನ್ನೂ ತುಂಬಿಯಾಗಿದೆ ಎಂದರೆ ಆ್ಯಪನ್ನು ತೆಗೆಯುವ ಕೆಲಸವನ್ನು ಆಮೇಲೆ ಮಾಡಬಹುದು. ಮೊದಲು ಹಣ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ವೈಫೈಯನ್ನೂ ಆರಿಸಬೇಕು. ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯು.ಪಿ.ಐ. ಮತ್ತು ಕಾರ್ಡನ್ನು ನಿಲ್ಲಿಸಲು ಹೇಳಬೇಕು. ಬ್ಯಾಂಕಿನ ನಂಬರನ್ನು ಕಾರ್ಡಿನ ಹಿಂಭಾಗದಿಂದ ಅಥವಾ ಪಾಸ್ ಪುಸ್ತಕದಿಂದ ತೆಗೆದುಕೊಳ್ಳಬೇಕೇ ಹೊರತು ಅಂತರ್ಜಾಲದಲ್ಲಿ ಹುಡುಕಬಾರದು; ಅಲ್ಲಿ ನಕಲಿ ನಂಬರುಗಳನ್ನು ಇಟ್ಟು ಕಾಯುವವರಿದ್ದಾರೆ. ಕೂಡಲೇ 1930ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು. ಹಳೆಯ ಭಿತ್ತಿಪತ್ರಗಳಲ್ಲಿರುವ 155260 ಇದರ ಹಿಂದಿನ ನಂಬರು. ಹೋದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಾ ಕಡೆಗೆ ಎಲ್ಲಿಯೋ ನಗದಾಗುತ್ತದೆ. ನಗದಾಗುವ ಮೊದಲೇ ದೂರು ತಲುಪಿದರೆ ಆ ಖಾತೆಯಲ್ಲಿ ಅದನ್ನು ತಡೆಹಿಡಿಯಲು ಸಾಧ್ಯ. ಇಲ್ಲಿ ಗಂಟೆಗಳ ಲೆಕ್ಕ, ದಿನಗಳದಲ್ಲ.

ಆಮೇಲೆ ಸಿಮ್ಮನ್ನು ತೆಗೆದು ಸಾದಾ ಗುಂಡಿ ಫೋನಿಗೆ ಹಾಕಿಕೊಳ್ಳಬೇಕು. ಬ್ಯಾಂಕಿನ ಸಂದೇಶಗಳು ಕಣ್ಣಿಗೆ ಕಾಣುತ್ತವೆ, ಅವನ್ನು ಕದಿಯುವ ಆ್ಯಪ್ ಅದರಲ್ಲಿರುವುದಿಲ್ಲ. ಕಾಲ್ ಫಾರ್ವರ್ಡಿಂಗ್‌ನಲ್ಲಿ ಬೇರೆ ನಂಬರು ಸೇರಿದೆಯೇ ಎಂದೂ ನೋಡಬೇಕು.

ಫೋನನ್ನು ಸ್ವಚ್ಛಗೊಳಿಸಲು ಸೇಫ್ ಮೋಡನ್ನು ಬಳಸಬೇಕು. ಅನೇಕ ಫೋನುಗಳಲ್ಲಿ ಪವರ್ ಗುಂಡಿಯನ್ನು ಒತ್ತಿ, 'ಪವರ್ ಆಫ್' ಎಂಬ ಚಿತ್ರದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಬರುತ್ತದೆ. ಅದರಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಮೋಸದ ಆ್ಯಪ್‌ನ ಚಿತ್ರ ಮುಖಪುಟದಲ್ಲಿ ಕಾಣದಿರಬಹುದು, ಅದನ್ನು ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪೂರ್ಣ ಪಟ್ಟಿಯಲ್ಲಿಯೇ ಹುಡುಕಬೇಕು. 'ಅನ್‌ಇನ್‌ಸ್ಟಾಲ್' ಗುಂಡಿ ಮಸುಕಾಗಿದ್ದು ಒತ್ತಲು ಬಾರದಿದ್ದರೆ ಅದು 'ಡಿವೈಸ್ ಅಡ್ಮಿನ್' ಅಧಿಕಾರವನ್ನು ಪಡೆದಿದೆ ಎಂದು ತಿಳಿಯಬೇಕು. ಸೆಕ್ಯುರಿಟಿಯೊಳಗೆ ಆ ಅಧಿಕಾರವನ್ನು ತೆಗೆದು ಅನಂತರ ಆ್ಯಪನ್ನು ತೆಗೆಯಬೇಕು. ಆಕ್ಸೆಸಿಬಿಲಿಟಿಯ ಪಟ್ಟಿಯನ್ನೂ ನೋಡಬೇಕು. ಖಾತೆಯ ವಿವರಗಳು ಹೋಗಿದ್ದ ಫೋನನ್ನು ಇಷ್ಟಕ್ಕೇ ನಂಬದೆ, ಫೋಟೋಗಳನ್ನೂ ನಂಬರುಗಳನ್ನೂ ಬೇರೆ ಕಡೆ ಉಳಿಸಿಕೊಂಡು 'ಫ್ಯಾಕ್ಟರಿ ರೀಸೆಟ್' ಮಾಡಿಸುವುದು ಉತ್ತಮ. ದೂರಿಗೆ ಬೇಕಾಗುವ ಸಂದೇಶಗಳ ಮತ್ತು ಆ ಫೈಲಿನ ಹೆಸರಿನ ಚಿತ್ರವನ್ನು ಇನ್ನೊಂದು ಫೋನಿನಿಂದ ತೆಗೆದಿಟ್ಟುಕೊಂಡ ಮೇಲೆಯೇ ಇದನ್ನು ಮಾಡಬೇಕು. ಪಿನ್ ಮತ್ತು ಪಾಸ್‌ವರ್ಡುಗಳ ಬದಲಾವಣೆ ಇದಾದ ನಂತರ. ಮೊದಲೇ ಬದಲಾಯಿಸಿದರೆ ಹೊಸದೂ ಅವರ ಕೈ ಸೇರುತ್ತದೆ.

ಹಿರಿಯೂರಿನ ಬೆಳೆಗಾರರು ನಮ್ಮ ಬಳಿಗೆ ಬಂದದ್ದು ಮೂರನೆಯ ದಿನ. "ಫೋನು ಆವತ್ತು ಸುಳ್ಳು ಹೇಳ್ತು ಸಾರ್, ಅದಕ್ಕೇ ಇವತ್ತು ಅದು ಸುಮ್ನಿದ್ದದ್ದು ಒಳ್ಳೇದು ಅಂದ್ಕೊಂಡೆ" ಎಂದರು. 1930ಕ್ಕೆ ಕರೆ ಮಾಡಿಸಿದಾಗ ಸ್ವಲ್ಪ ಭಾಗ ಇನ್ನೂ ಒಂದು ಖಾತೆಯಲ್ಲಿ ಉಳಿದಿದ್ದು ತಡೆಹಿಡಿಯಲ್ಪಟ್ಟಿತು. ಉಳಿದದ್ದು ಹೋಗಿತ್ತು. ಅವರ ಫೋನಿನಲ್ಲಿ ಪ್ಲೇ ಪ್ರೊಟೆಕ್ಟ್ ಆರಿಯೇ ಇತ್ತು, ವಾಟ್ಸಾಪಿಗೆ ಕೊಟ್ಟಿದ್ದ ಅನುಮತಿಯೂ ಹಾಗೆಯೇ ಇತ್ತು. ಆರಿಸಿದ್ದನ್ನು ಮತ್ತೆ ಹಾಕಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಬೆಳೆ ಸಮೀಕ್ಷೆ, ಬೆಳೆ ವಿಮೆ, ಸಹಾಯಧನದ ನೋಂದಣಿ ಹೀಗೆ ಒಂದಲ್ಲ ಒಂದು ಕೆಲಸಕ್ಕೆ ರೈತರ ಫೋನು ನಮ್ಮ ಕೈಗೆ ಬರುತ್ತಲೇ ಇರುತ್ತದೆ. ಇಲಾಖೆಯ ಆ್ಯಪ್‌ಗಳ ಹೆಸರನ್ನು ತಿಳಿಸಿ ಪ್ಲೇ ಸ್ಟೋರಿನಿಂದಲೇ ಹಾಕಿಸಬೇಕು. ಅವಸರವೆಂದು ವಾಟ್ಸಾಪಿನಲ್ಲಿ ಎ.ಪಿ.ಕೆ. ಫೈಲನ್ನು ಹಂಚುವುದನ್ನು ಬಿಡಬೇಕು. ನಾವು ಹಾಗೆ ಹಂಚಿದರೆ, ಅಧಿಕಾರಿಗಳಿಂದ ಬರುವ ಫೈಲು ಹೀಗೆಯೇ ಇರುತ್ತದೆ ಎಂದು ರೈತರು ರೂಢಿ ಮಾಡಿಕೊಳ್ಳುತ್ತಾರೆ. ಗುಂಪು ಸಭೆಗಳಲ್ಲಿ ಹತ್ತು ನಿಮಿಷ ತೆಗೆದಿಟ್ಟು ಬಂದವರಿಂದಲೇ ಅವರವರ ಫೋನಿನಲ್ಲಿ ಎರಡು ಜಾಗಗಳನ್ನು ತೆಗೆಸಿ ನೋಡಬೇಕು: ಪ್ಲೇ ಪ್ರೊಟೆಕ್ಟ್ ಚಾಲೂ ಇದೆಯೇ, ವಾಟ್ಸಾಪಿಗೆ ಆ್ಯಪ್ ಹಾಕುವ ಅನುಮತಿ ಉಳಿದಿದೆಯೇ. ಸ್ಟಾರ್ಟರು, ಹನಿ ನೀರಾವರಿ ಉಪಕರಣ, ಸಿ.ಸಿ. ಕ್ಯಾಮೆರಾ ಹಾಕಿಸಿದವರ ಫೋನನ್ನು ತಪ್ಪದೆ ನೋಡಬೇಕು. ಊರಿನ ಮೆಕ್ಯಾನಿಕ್ಕುಗಳನ್ನೂ ಇಂತಹ ಸಭೆಗೆ ಕರೆಯುವುದು ಒಳ್ಳೆಯದು, ಕಾವಲನ್ನು ಆರಿಸುವ ಕೈ ಸಾಮಾನ್ಯವಾಗಿ ಅವರದು.